ಕಂಪ್ಯೂಟರ್ ಆನ್ ಮಾಡಿದಾಗ ‘ಬೀಪ್ ಬೀಪ್’ ಶಬ್ದ ಬಂದರೆ ಮದರ್‌ಬೋರ್ಡ್ ಹೋಯಿತು ಎಂದರ್ಥವೇ?

ನಿನ್ನೆ ರಾತ್ರಿಯವರೆಗೂ ಚೆನ್ನಾಗಿಯೇ ಇದ್ದ ಕಂಪ್ಯೂಟರ್. ಬೆಳಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪವೂ ಉರಿಯುತ್ತದೆ, ಆದರೆ ಮಾನಿಟರ್ ಕಪ್ಪಗೇ ಇರುತ್ತದೆ. ಒಳಗಿನಿಂದ ‘ಬೀಪ್... ಬೀಪ್... ಬೀಪ್’ ಎಂಬ ಸದ್ದು ಮಾತ್ರ ಬರುತ್ತದೆ. ಮಕ್ಕಳ ಪ್ರಾಜೆಕ್ಟ್, ಅಂಗಡಿಯ ಲೆಕ್ಕ, ಹತ್ತು ವರ್ಷದ ಫೋಟೋಗಳು ಎಲ್ಲವೂ ಅದರಲ್ಲೇ ಇವೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ಫೋನನ್ನು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ವಿಡಿಯೋಗಳಲ್ಲಿ ‘ಬೀಪ್ ಎಣಿಸಿ, ದೋಷ ತಿಳಿಯಿರಿ’ ಎನ್ನುವ ಪಟ್ಟಿಗಳು ಸಿಗುತ್ತವೆ. ‘ಮೂರು ಬೀಪ್ ಎಂದರೆ ರ‍್ಯಾಮ್’, ‘ಐದು ಬೀಪ್ ಎಂದರೆ ಪ್ರೊಸೆಸರ್’ ಎಂದು ಅವು ಖಚಿತವಾಗಿ ಹೇಳುತ್ತವೆ. ಇವನ್ನು ನಂಬಿ ಹೊಸ ಬಿಡಿಭಾಗ ಕೊಳ್ಳಬಹುದೇ?

ಚುಟುಕಾಗಿ ಹೇಳುವುದಾದರೆ: ಬೀಪ್ ಶಬ್ದಕ್ಕೆ ನಿಜವಾಗಿಯೂ ಅರ್ಥವಿದೆ. ಆದರೆ ಆ ಅರ್ಥ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಅಲ್ಲ. ನಿಮ್ಮ ಕಂಪ್ಯೂಟರ್‌ನ ಕಂಪನಿ ಮತ್ತು ಮಾದರಿ ಯಾವುದೆಂದು ನೋಡದೆ ಬೀಪ್ ಎಣಿಸಿ ದುಡ್ಡು ಖರ್ಚು ಮಾಡಿದರೆ ನಷ್ಟವಾಗುವ ಸಾಧ್ಯತೆಯೇ ಹೆಚ್ಚು.

ಕಂಪ್ಯೂಟರ್ ಬೀಪ್ ಮಾಡುವುದು ಏಕೆ?

ಬಟನ್ ಒತ್ತಿದ ಕೂಡಲೇ ವಿಂಡೋಸ್ ಶುರುವಾಗುವುದಿಲ್ಲ. ಮೊದಲು ಮದರ್‌ಬೋರ್ಡ್ ಮೇಲಿನ ಒಂದು ಚಿಪ್‌ನಲ್ಲಿರುವ ಬಯೋಸ್ ಎಂಬ ಚಿಕ್ಕ ಪ್ರೋಗ್ರಾಂ ಕೆಲಸ ಆರಂಭಿಸುತ್ತದೆ. ಪ್ರೊಸೆಸರ್ ಸರಿ ಇದೆಯೇ, ರ‍್ಯಾಮ್ ಇದೆಯೇ, ಚಿತ್ರ ತೋರಿಸುವ ಗ್ರಾಫಿಕ್ಸ್ ಭಾಗ ಉತ್ತರಿಸುತ್ತಿದೆಯೇ ಎಂದು ಅದು ಪರೀಕ್ಷಿಸುತ್ತದೆ. ಇದಕ್ಕೆ ‘ಪವರ್-ಆನ್ ಸೆಲ್ಫ್ ಟೆಸ್ಟ್’ ಎನ್ನುತ್ತಾರೆ. ಎಲ್ಲವೂ ಸರಿ ಇದ್ದರೆ ಮಾತ್ರ ಹಾರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್‌ಗೆ ದಾರಿ ಬಿಡುತ್ತದೆ.

ಪರದೆಯ ಮೇಲೆ ಚಿತ್ರ ಮೂಡಬೇಕಾದರೆ ರ‍್ಯಾಮ್ ಮತ್ತು ಗ್ರಾಫಿಕ್ಸ್ ಎರಡೂ ಕೆಲಸ ಮಾಡಬೇಕು. ಕೆಟ್ಟಿರುವುದೇ ಅವುಗಳಲ್ಲೊಂದಾದರೆ ‘ಇಲ್ಲಿ ದೋಷವಿದೆ’ ಎಂದು ಪರದೆಯ ಮೇಲೆ ಬರೆದು ತೋರಿಸುವುದು ಹೇಗೆ? ಕರೆಂಟ್ ಹೋದ ಮನೆಯಲ್ಲಿ ಸನ್ನೆ ಮಾಡಿದರೆ ಕಾಣುವುದಿಲ್ಲ, ಕೂಗಿಯೇ ಹೇಳಬೇಕು. ಕಂಪ್ಯೂಟರ್ ಮಾಡುವುದೂ ಅದನ್ನೇ. ಚಿಕ್ಕ ಸ್ಪೀಕರ್ ಮೂಲಕ ಗಿಡ್ಡ ಮತ್ತು ಉದ್ದ ಬೀಪ್‌ಗಳಲ್ಲಿ ಪರೀಕ್ಷೆ ಎಲ್ಲಿ ನಿಂತಿತು ಎಂದು ತಿಳಿಸುತ್ತದೆ.

ಈ ಪದ್ಧತಿ ಹಳೆಯದು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೇ ಇದು ಇತ್ತು. ಅದರಲ್ಲಿ ಒಂದು ಗಿಡ್ಡ ಬೀಪ್ ಬಂದರೆ ‘ಎಲ್ಲ ಸರಿ ಇದೆ’ ಎಂದರ್ಥ. ಒಂದು ಉದ್ದ, ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಕಾರ್ಡ್‌ನಲ್ಲಿ ತೊಂದರೆ.

ಹೇಳಿಕೆ 1: ಒಂದೇ ಪಟ್ಟಿ ಎಲ್ಲ ಕಂಪ್ಯೂಟರ್‌ಗಳಿಗೂ ಅನ್ವಯಿಸುತ್ತದೆ

ಇದು ಸುಳ್ಳು. ಐಬಿಎಂ ನಂತರ ಬೇರೆ ಬೇರೆ ಕಂಪನಿಗಳು ತಮ್ಮದೇ ಬಯೋಸ್ ಬರೆದವು. ಎಎಂಐ, ಅವಾರ್ಡ್, ಫೀನಿಕ್ಸ್ ಅವುಗಳಲ್ಲಿ ಮುಖ್ಯವಾದವು. ಪ್ರತಿಯೊಂದೂ ತನ್ನದೇ ಬೀಪ್ ಭಾಷೆ ಮಾಡಿಕೊಂಡಿತು. ಆಮೇಲೆ ಡೆಲ್, ಎಚ್‌ಪಿ, ಆಸುಸ್‌ನಂಥ ತಯಾರಕರು ತಮಗೆ ಬೇಕಾದಂತೆ ಅದನ್ನು ಬದಲಾಯಿಸಿಕೊಂಡರು. ಹಾಗಾಗಿ ಒಂದೇ ಸದ್ದಿಗೆ ಎಷ್ಟು ಬೇರೆ ಅರ್ಥಗಳಿವೆ ನೋಡಿ:

- ಎರಡು ಬೀಪ್: ಎಎಂಐನ ಹಳೆಯ ಪಟ್ಟಿಯಲ್ಲಿ ರ‍್ಯಾಮ್‌ನ ಪ್ಯಾರಿಟಿ ದೋಷ. ಡೆಲ್‌ನ ಅನೇಕ ಮಾದರಿಗಳಲ್ಲಿ ರ‍್ಯಾಮ್ ಪತ್ತೆಯೇ ಆಗಿಲ್ಲ ಎಂದರ್ಥ.
- ಮೂರು ಬೀಪ್: ಎಎಂಐನಲ್ಲಿ ರ‍್ಯಾಮ್‌ನ ಮೊದಲ 64 ಕೆಬಿ ಭಾಗದ ದೋಷ. ಡೆಲ್‌ನಲ್ಲಿ ಮದರ್‌ಬೋರ್ಡ್ ಅಥವಾ ಅದರ ಚಿಪ್‌ಸೆಟ್ ದೋಷ.
- ಐದು ಬೀಪ್: ಎಎಂಐನಲ್ಲಿ ಪ್ರೊಸೆಸರ್ ದೋಷ. ಡೆಲ್‌ನಲ್ಲಿ ಗಡಿಯಾರದ ಬ್ಯಾಟರಿ ಖಾಲಿ.
- ಒಂದು ಉದ್ದ, ಎರಡು ಗಿಡ್ಡ: ಅವಾರ್ಡ್‌ನಲ್ಲಿ ಗ್ರಾಫಿಕ್ಸ್ ತೊಂದರೆ. ಆಸುಸ್‌ನ ಅನೇಕ ಮದರ್‌ಬೋರ್ಡ್‌ಗಳಲ್ಲಿ ರ‍್ಯಾಮ್ ಪತ್ತೆಯಾಗಿಲ್ಲ. ಅಲ್ಲಿ ಗ್ರಾಫಿಕ್ಸ್ ತೊಂದರೆಗೆ ಒಂದು ಉದ್ದ, ಮೂರು ಗಿಡ್ಡ ಬೀಪ್ ಬರುತ್ತದೆ.

ಇದರಲ್ಲಿ ಐದು ಬೀಪ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮದರ್‌ಬೋರ್ಡ್ ಮೇಲೆ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದು 3 ವೋಲ್ಟ್‌ನ ಸಿಆರ್2032. ವಾಚ್ ಅಂಗಡಿಯಲ್ಲೂ ಸಿಗುವ ಅಗ್ಗದ ವಸ್ತು. ಎಎಂಐ ಪಟ್ಟಿಯನ್ನು ಫೋನ್‌ನಲ್ಲಿ ನೋಡಿದ ಡೆಲ್ ಬಳಕೆದಾರರು ಸಾವಿರಾರು ರೂಪಾಯಿಯ ಪ್ರೊಸೆಸರ್ ಹೋಯಿತು ಎಂದುಕೊಳ್ಳುತ್ತಾರೆ. ಅವರಿಗೆ ನಿಜವಾಗಿ ಬೇಕಿದ್ದದ್ದು ಈ ಬ್ಯಾಟರಿ. ಪಟ್ಟಿ ಸುಳ್ಳಲ್ಲ, ಆದರೆ ಅದು ಅವರ ಕಂಪ್ಯೂಟರ್‌ನದ್ದಲ್ಲ.

ಫೀನಿಕ್ಸ್ ಬಯೋಸ್‌ನಲ್ಲಿ ಬೀಪ್‌ಗಳನ್ನು ಒಟ್ಟು ಸೇರಿಸಿ ಎಣಿಸುವಂತೆಯೂ ಇಲ್ಲ. ಅದು 1-3-1-1 ಎಂಬಂತೆ ಗುಂಪು ಗುಂಪಾಗಿ, ನಡುವೆ ಬಿಡುವು ಕೊಟ್ಟು ಬೀಪ್ ಮಾಡುತ್ತದೆ. ಎಚ್‌ಪಿಯ ಅನೇಕ ಮಾದರಿಗಳಲ್ಲಿ ಮೊದಲು ಉದ್ದ ಬೀಪ್, ನಂತರ ಗಿಡ್ಡ ಬೀಪ್ ಬರುತ್ತದೆ. ಉದ್ದದ್ದು ದೋಷದ ವರ್ಗವನ್ನೂ, ಗಿಡ್ಡದ್ದು ನಿರ್ದಿಷ್ಟ ದೋಷವನ್ನೂ ಹೇಳುತ್ತದೆ. ಅಲ್ಲಿ ಮೂರು ಉದ್ದ, ಎರಡು ಗಿಡ್ಡ ಎಂದರೆ ರ‍್ಯಾಮ್ ಹಂತದಲ್ಲಿ ನಿಂತಿದೆ ಎಂದರ್ಥ. ‘ಒಟ್ಟು ಐದು’ ಎಂದು ಎಣಿಸಿದರೆ ಉತ್ತರ ಪೂರ್ತಿ ತಪ್ಪುತ್ತದೆ.

ಹೇಳಿಕೆ 2: ಬೀಪ್ ಯಾವ ಭಾಗವನ್ನು ಹೇಳುತ್ತದೋ ಅದನ್ನು ಬದಲಾಯಿಸಿದರೆ ಸಾಕು

ಇದು ಅರ್ಧ ಸತ್ಯ. ಪರೀಕ್ಷೆ ಎಲ್ಲಿ ನಿಂತಿತು ಎಂಬುದನ್ನಷ್ಟೇ ಬೀಪ್ ಹೇಳುತ್ತದೆ. ಅದಕ್ಕೆ ಕಾರಣ ಏನು ಎಂಬುದನ್ನು ಹೇಳುವುದಿಲ್ಲ. ‘ರ‍್ಯಾಮ್ ಸಿಗುತ್ತಿಲ್ಲ’ ಎಂಬ ಬೀಪ್ ಬಂದಾಗ ರ‍್ಯಾಮ್ ಸುಟ್ಟಿರಬಹುದು. ಅದು ಸ್ಲಾಟ್‌ನಲ್ಲಿ ಸರಿಯಾಗಿ ಕೂತಿಲ್ಲದೆಯೂ ಇರಬಹುದು. ಸ್ಲಾಟ್‌ನಲ್ಲಿ ದೂಳು ತುಂಬಿರಬಹುದು, ಹೊಸದಾಗಿ ಹಾಕಿದ ರ‍್ಯಾಮ್ ಆ ಬೋರ್ಡ್‌ಗೆ ಹೊಂದದಿರಬಹುದು, ಪ್ರೊಸೆಸರ್ ಕೂರುವ ಜಾಗದ ಪಿನ್ ಬಾಗಿರಬಹುದು. ಸಡಿಲವಾದ ರ‍್ಯಾಮ್ ಅನ್ನು ತೆಗೆದು ಮತ್ತೆ ಒತ್ತಿ ಕೂರಿಸಲು ಖರ್ಚೇ ಇಲ್ಲ. ಆದ್ದರಿಂದ ಖರ್ಚಿಲ್ಲದ ಕಾರಣಗಳನ್ನು ಮೊದಲು ನೋಡಬೇಕು, ಬಿಡಿಭಾಗ ಕೊಳ್ಳುವುದು ಕೊನೆಗೆ.

ಹೇಳಿಕೆ 3: ಬೀಪ್ ಬಂದರೆ ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಬೇಕು

ಇದು ಸುಳ್ಳು, ಅಪಾಯಕಾರಿಯೂ ಹೌದು. ಕಪ್ಪು ಪರದೆಯೊಂದಿಗೆ ಬೀಪ್ ಬರುವ ಹೊತ್ತಿಗೆ ಕಂಪ್ಯೂಟರ್ ಇನ್ನೂ ವಿಂಡೋಸ್‌ವರೆಗೆ ಹೋಗಿಯೇ ಇರುವುದಿಲ್ಲ. ರ‍್ಯಾಮ್ ಅಥವಾ ಗ್ರಾಫಿಕ್ಸ್‌ನ ತೊಂದರೆ ವಿಂಡೋಸ್ ಮತ್ತೆ ಹಾಕಿದರೆ ಹೋಗುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಹೋಗುವುದು ನಿಮ್ಮ ಫೋಟೋ, ಲೆಕ್ಕ, ಕಡತಗಳು ಮಾತ್ರ. ರ‍್ಯಾಮ್ ಕೆಟ್ಟು ಕಂಪ್ಯೂಟರ್ ಆನ್ ಆಗದಿದ್ದರೂ ಹಾರ್ಡ್ ಡಿಸ್ಕ್‌ನಲ್ಲಿರುವ ಮಾಹಿತಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ.

ಇನ್ನೊಂದು ಬಗೆಯ ಸದ್ದಿದೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಕಂಪ್ಯೂಟರ್ ಆನ್ ಆಗಿ, ಇಂಟರ್‌ನೆಟ್ ನೋಡುವಾಗ ಇದ್ದಕ್ಕಿದ್ದಂತೆ ಜೋರಾಗಿ ಬೀಪ್ ಅಥವಾ ಸೈರನ್ ಹೊಡೆದು, ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ’ ಎಂಬ ಪುಟ ಬಂದರೆ ಅದು ಮದರ್‌ಬೋರ್ಡ್ ಬೀಪ್ ಅಲ್ಲ, ವಂಚಕರ ಬಲೆ. ಕರೆ ಮಾಡಬೇಡಿ, ಅವರು ಹೇಳಿದ ಯಾವ ಆ್ಯಪ್ ಅನ್ನೂ ಹಾಕಿಕೊಳ್ಳಬೇಡಿ, ಬ್ರೌಸರ್ ಮುಚ್ಚಿ. ಈಗಾಗಲೇ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಹಾಯವಾಣಿಗೆ ದೂರು ಕೊಡಿ.

ಹೇಳಿಕೆ 4: ರ‍್ಯಾಮ್ ಅನ್ನು ರಬ್ಬರ್‌ನಿಂದ ಉಜ್ಜಿದರೆ ಸರಿಹೋಗುತ್ತದೆ

ಇದೂ ಅರ್ಧ ಸತ್ಯ. ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಉಜ್ಜುವುದು ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಉಪಾಯ. ಅಂಚಿನ ಮೇಲೆ ಕೂತ ಕೊಳೆ ಹೋಗಿ ಸಂಪರ್ಕ ಸರಿಯಾದರೆ ಕಂಪ್ಯೂಟರ್ ಆನ್ ಆಗುವುದೂ ಉಂಟು. ಆದರೆ ಎಷ್ಟೋ ಸಲ ಕೆಲಸ ಮಾಡಿದ್ದು ರಬ್ಬರ್ ಅಲ್ಲ, ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದು. ಜೋರಾಗಿ ಉಜ್ಜಿದರೆ ತೆಳುವಾದ ಚಿನ್ನದ ಲೇಪ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟ್‌ಗೆ ಬೀಳುತ್ತದೆ. ಬರೀ ತೆಗೆದು ಕೂರಿಸಿದರೂ ಆಗದಿದ್ದರೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸುವೇ ಒದ್ದೆ ಮಾಡಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕುವುದು ಒಳ್ಳೆಯದು.

ಬೀಪ್ ಶಬ್ದವೇ ಬರದಿದ್ದರೆ?

‘ಸದ್ದಿಲ್ಲ, ಹಾಗಾದರೆ ದೋಷವಿಲ್ಲ’ ಎನ್ನುವಂತಿಲ್ಲ. ಈಗಿನ ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಆ ಚಿಕ್ಕ ಸ್ಪೀಕರ್ ಇರುವುದೇ ಇಲ್ಲ. ಮದರ್‌ಬೋರ್ಡ್‌ನಲ್ಲಿ ‘ಸ್ಪೀಕರ್’ ಎಂದು ಬರೆದ ಪಿನ್‌ಗಳಿದ್ದರೆ ಅದಕ್ಕೆ ಸಿಕ್ಕಿಸುವ ಪುಟ್ಟ ಸ್ಪೀಕರ್ ಕಡಿಮೆ ಬೆಲೆಗೆ ಸಿಗುತ್ತದೆ. ಹೊಸ ಬೋರ್ಡ್‌ಗಳಲ್ಲಿ ಬೀಪ್ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ಹೆಸರಿನ ನಾಲ್ಕು ಚಿಕ್ಕ ದೀಪಗಳಿರಬಹುದು. ಯಾವ ದೀಪ ಆರದೆ ಉರಿಯುತ್ತಲೇ ಇದೆಯೋ ಪರೀಕ್ಷೆ ಅಲ್ಲಿ ನಿಂತಿದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪವರ್ ಅಥವಾ ಚಾರ್ಜಿಂಗ್ ದೀಪವೇ ಮಿನುಗಿ ಇದನ್ನು ಹೇಳುತ್ತದೆ.

ಫ್ಯಾನ್ ಕೂಡ ತಿರುಗದಿದ್ದರೆ ಮೊದಲು ಪ್ಲಗ್, ಸ್ವಿಚ್, ಕೇಬಲ್, ಎಸ್‌ಎಂಪಿಎಸ್ ಕಡೆ ನೋಡಬೇಕು.

ಮನೆಯಲ್ಲೇ ನೀವು ಏನು ಮಾಡಬಹುದು?

1. ಸದ್ದು ಎಲ್ಲಿಂದ ಬರುತ್ತಿದೆ ನೋಡಿ. ಮೇಜಿನ ಕೆಳಗಿನ ಯುಪಿಎಸ್ ಕೂಡ ಕರೆಂಟ್ ಇಲ್ಲದಾಗ, ಬ್ಯಾಟರಿ ಹಳತಾದಾಗ ಬೀಪ್ ಮಾಡುತ್ತದೆ. ಕಿವಿ ಹತ್ತಿರ ಇಟ್ಟು ಕೇಳಿದರೆ ತಿಳಿಯುತ್ತದೆ. ಕೀಬೋರ್ಡ್ ಮೇಲೆ ಪುಸ್ತಕ ಬಿದ್ದು ಯಾವುದಾದರೂ ಕೀ ಒತ್ತಿಕೊಂಡಿದ್ದರೂ ಬೀಪ್ ಬರಬಹುದು.
2. ಒಂದೇ ಗಿಡ್ಡ ಬೀಪ್ ಬಂದು ಕಂಪ್ಯೂಟರ್ ಎಂದಿನಂತೆ ಆನ್ ಆದರೆ ಗಾಬರಿ ಬೇಡ. ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಅದು ‘ಎಲ್ಲ ಸರಿ’ ಎಂಬ ಸೂಚನೆ.
3. ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಬಟನ್ ಒತ್ತುವ ಮೊದಲೇ ವಿಡಿಯೋ ಶುರುಮಾಡಿ, ಬೀಪ್‌ಗಳು ಎರಡು ಮೂರು ಸಲ ಮರುಕಳಿಸುವವರೆಗೆ ಬಿಡಿ. ಎಷ್ಟು ಬೀಪ್, ಯಾವುದು ಉದ್ದ, ಎಲ್ಲಿ ಬಿಡುವು ಎಂದು ನಿಧಾನವಾಗಿ ಕೇಳಿ ಬರೆದುಕೊಳ್ಳಿ. ಗಾಬರಿಯಲ್ಲಿ ಎಣಿಸಿದ್ದು ಸಾಮಾನ್ಯವಾಗಿ ತಪ್ಪಾಗುತ್ತದೆ.
4. ಮಾದರಿಯ ಹೆಸರು ನೋಡಿ. ಸಿದ್ಧ ಕಂಪ್ಯೂಟರ್ ಆದರೆ ಹಿಂಬದಿ ಅಥವಾ ತಳದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಜೋಡಿಸಿದ ಕಂಪ್ಯೂಟರ್ ಆದರೆ ಮದರ್‌ಬೋರ್ಡ್ ಮೇಲೆಯೇ ಅಚ್ಚಾಗಿರುತ್ತದೆ. ಆ ಮಾದರಿಯ ಕೈಪಿಡಿಯನ್ನು ತಯಾರಕರ ಅಧಿಕೃತ ಜಾಲತಾಣದಲ್ಲೇ ಹುಡುಕಿ.
5. ಹೊಸದಾಗಿ ಸೇರಿಸಿದ್ದನ್ನು ತೆಗೆಯಿರಿ. ಪೆನ್‌ಡ್ರೈವ್, ಪ್ರಿಂಟರ್, ನಿನ್ನೆ ಹಾಕಿದ ರ‍್ಯಾಮ್ ಎಲ್ಲವನ್ನೂ ಬೇರ್ಪಡಿಸಿ ನೋಡಿ.
6. ಡೆಸ್ಕ್‌ಟಾಪ್ ಆದರೆ ರ‍್ಯಾಮ್ ಕೂರಿಸಿ ನೋಡಿ. ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಲೋಹವನ್ನು ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಹರಿದುಹೋಗಲಿ. ರ‍್ಯಾಮ್ ತೆಗೆದು, ಎರಡೂ ಬದಿ ‘ಟಕ್’ ಎನ್ನುವಂತೆ ಮತ್ತೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಒಂದೇ ಇದ್ದಾಗ ಯಾವ ಸ್ಲಾಟ್‌ಗೆ ಹಾಕಬೇಕು ಎಂಬುದು ಕೈಪಿಡಿಯಲ್ಲಿರುತ್ತದೆ.

ಮಾಡಲೇಬಾರದ ಕೆಲಸ: ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ವಾರಂಟಿ ಇರುವ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಅನ್ನು ಮನೆಯಲ್ಲಿ ತೆರೆಯಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ, ತೆಗೆಯಲು ಬರುವುದೇ ಇಲ್ಲ.

ರಿಪೇರಿಗೆ ಒಯ್ಯುವಾಗ

ರೆಕಾರ್ಡ್ ಮಾಡಿದ ವಿಡಿಯೋ ತೋರಿಸಿ. ‘ಆನ್ ಆಗುತ್ತಿಲ್ಲ’ ಎನ್ನುವ ಬದಲು ‘ಎರಡು ಬೀಪ್ ಬಂದು ನಿಲ್ಲುತ್ತದೆ, ಕೈಪಿಡಿಯ ಪ್ರಕಾರ ರ‍್ಯಾಮ್, ತೆಗೆದು ಕೂರಿಸಿ ನೋಡಿದ್ದೇನೆ’ ಎಂದು ಹೇಳಿ. ಮದರ್‌ಬೋರ್ಡ್ ಹೋಗಿದೆ ಎಂದರೆ ಬೇರೆ ರ‍್ಯಾಮ್ ಹಾಕಿ ಪರೀಕ್ಷಿಸಿದ್ದೀರಾ ಎಂದು ಕೇಳಿ. ಸರಿ ಇರುವ ಇನ್ನೊಂದು ರ‍್ಯಾಮ್ ಹಾಕಿ ನೋಡಲು ರಿಪೇರಿಯವರಿಗೆ ಕೆಲವೇ ನಿಮಿಷ ಸಾಕು. ‘ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಎಂದು ರಸೀದಿಯಲ್ಲೇ ಬರೆಸಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ವಾಪಸ್ ಪಡೆಯಿರಿ.

ಮದರ್‌ಬೋರ್ಡ್ ಬದಲಿಸಲೇಬೇಕಾದರೆ ಇನ್ನೊಂದು ಸಂಗತಿ ನೆನಪಿರಲಿ. ವಿಂಡೋಸ್‌ನ ಬಿಟ್‌ಲಾಕರ್ ಆನ್ ಆಗಿದ್ದರೆ, ಹೊಸ ಬೋರ್ಡ್ ಹಾಕಿದ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅನೇಕರ ವಿಷಯದಲ್ಲಿ ಅದು ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಕಂಪ್ಯೂಟರ್ ಸರಿ ಇರುವಾಗಲೇ ಅದನ್ನು ಬರೆದಿಟ್ಟುಕೊಳ್ಳಿ, ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ.

ಕೊನೆಯದಾಗಿ

ಬೀಪ್ ಶಬ್ದ ಕಂಪ್ಯೂಟರ್ ಸತ್ತಿತೆಂಬ ಸುದ್ದಿಯಲ್ಲ. ತೊಂದರೆಯನ್ನು ಹೇಳುವಷ್ಟು ಭಾಗ ಇನ್ನೂ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಮುಂದಿನ ಸಲ ‘ಎಲ್ಲ ಕಂಪ್ಯೂಟರ್‌ಗಳ ಬೀಪ್ ಪಟ್ಟಿ’ ನಿಮ್ಮ ಗುಂಪಿಗೆ ಬಂದಾಗ ಅದು ಯಾವ ಕಂಪನಿಯದು, ಯಾವ ಮಾದರಿಯದು ಎಂದು ಕೇಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ನಿಮ್ಮ ಒಂದು ಫಾರ್ವರ್ಡ್ ನೋಡಿ ಯಾರೋ ಬ್ಯಾಟರಿ ಹಾಕಬೇಕಾದಲ್ಲಿ ಪ್ರೊಸೆಸರ್ ಕೊಂಡುಬಿಡಬಹುದು.