ಗಾಯ ಮಾಗಿಸುವ, ಉರಿಯೂತ ಇಳಿಸುವ ಪೆಪ್ಟೈಡ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳುವುದು ಸುರಕ್ಷಿತವೇ?

ಹೇಳಿಕೆ ಏನು?
ಬಿಪಿಸಿ-157, ಟಿಬಿ-500, ಕೆಪಿವಿ ಎಂಬ ಪೆಪ್ಟೈಡ್‌ಗಳನ್ನು ಒಟ್ಟಿಗೆ ಚುಚ್ಚಿಸಿಕೊಂಡರೆ ಮಂಡಿ ನೋವು, ಹಳೆಯ ಪೆಟ್ಟು ಬೇಗ ವಾಸಿಯಾಗುತ್ತದೆ, ದೇಹದಲ್ಲೇ ಇರುವ ಅಂಶವಾದ್ದರಿಂದ ಅಡ್ಡಪರಿಣಾಮವಿಲ್ಲ ಎನ್ನುವ ರೀಲ್‌ಗಳು, ಫಾರ್ವರ್ಡ್‌ಗಳು ಓಡಾಡುತ್ತಿವೆ. ನಾಟಿ, ಅಡಿಕೆ ತೋಟದ ಕೆಲಸದಲ್ಲಿ ಮಂಡಿ, ಸೊಂಟ ಸವೆದವರು ಹೊನ್ನಾಳಿ ಸೀಮೆಯ ಊರೂರಲ್ಲೂ ಇದ್ದಾರೆ. ಹಾಗಾಗಿ ಈ ಹೇಳಿಕೆಯನ್ನು ನಾವು ಪರಿಶೀಲಿಸಿದೆವು.

ಇವು ಏನು?
ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಇನ್ಸುಲಿನ್ ಕೂಡ ಪೆಪ್ಟೈಡ್ ಹಾರ್ಮೋನೇ. ಆದರೆ ಅದು ದಶಕಗಳ ಪರೀಕ್ಷೆ ದಾಟಿ ಬಂದ ಔಷಧ. ಬಿಪಿಸಿ-157 ಲ್ಯಾಬ್‌ನಲ್ಲಿ ತಯಾರಿಸಿದ 15 ಅಮೈನೋ ಆಮ್ಲಗಳ ಸರಪಳಿ. ಟಿಬಿ-500 ದೇಹದ ಥೈಮೊಸಿನ್ ಬೀಟಾ-4 ಪ್ರೋಟೀನನ್ನು ಆಧರಿಸಿದ್ದು. ಉರಿಯೂತ ಇಳಿಸುತ್ತದೆ ಎನ್ನಲಾಗುವ ಕೆಪಿವಿಯಲ್ಲಿ ಇರುವುದು ಮೂರೇ ಅಮೈನೋ ಆಮ್ಲ.

ಪುರಾವೆ ಎಷ್ಟಿದೆ?
ಬಿಪಿಸಿ-157 ಕುರಿತ ಹೆಚ್ಚಿನ ಅಧ್ಯಯನಗಳು ಇಲಿಗಳ ಮೇಲೆ ನಡೆದಿವೆ. 2021ರಲ್ಲಿ ಪ್ರಕಟವಾದ ಅಮೆರಿಕದ ಮಂಡಿ ನೋವಿನ ಅಧ್ಯಯನದಲ್ಲಿ ಇದ್ದವರು 16 ರೋಗಿಗಳು. ಅವರಲ್ಲಿ ಬಿಪಿಸಿ-157 ಜೊತೆ ಥೈಮೊಸಿನ್ ಬೀಟಾ-4 ಕೂಡ ಪಡೆದವರು ನಾಲ್ವರು ಮಾತ್ರ. ಔಷಧ ಪಡೆಯದವರ ಜೊತೆ ಹೋಲಿಕೆಯನ್ನೂ ಮಾಡಿರಲಿಲ್ಲ. ಇಷ್ಟನ್ನೇ ನಂಬಿ ಸುರಕ್ಷಿತ ಎನ್ನಲಾಗದು.

ಒಟ್ಟಿಗೆ ತೆಗೆದುಕೊಂಡರೆ ಅಪಾಯವೇನು?
• ಅಲರ್ಜಿ, ತಲೆಸುತ್ತು, ಊತ ಬಂದರೆ ಯಾವುದರಿಂದ ಬಂತು ಎಂದು ವೈದ್ಯರಿಗೂ ಗೊತ್ತಾಗುವುದಿಲ್ಲ.
• ಬಿಪಿಸಿ-157 ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತದೆ ಎಂದು ಪ್ರಾಣಿಗಳ ಮೇಲಿನ ಅಧ್ಯಯನಗಳು ಹೇಳುತ್ತವೆ. ಕ್ಯಾನ್ಸರ್ ಗೆಡ್ಡೆ ಬೆಳೆಯಲೂ ರಕ್ತನಾಳ ಬೇಕು. ಕ್ಯಾನ್ಸರ್ ಇರುವವರು, ಹಿಂದೆ ಬಂದಿದ್ದವರು ಇದರಿಂದ ದೂರವಿರಬೇಕು.
• ನೋವು, ಊತ ದೇಹ ಕೊಡುವ ಎಚ್ಚರಿಕೆ. ಅದನ್ನು ಅಡಗಿಸಿದರೆ ಸೋಂಕು, ಮೂಳೆ ಬಿರುಕು ತಡವಾಗಿ ಪತ್ತೆಯಾಗಬಹುದು.
• ಆನ್‌ಲೈನ್‌ನಲ್ಲಿ ಸಿಗುವ ಹಲವು ಬಾಟಲಿಗಳ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದೇ ಬರೆದಿರುತ್ತದೆ. ಒಳಗೇನಿದೆ, ಎಷ್ಟಿದೆ ಎಂಬುದಕ್ಕೆ ಖಾತರಿಯಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಬಿಪಿಸಿ-157 ಅನ್ನು ಸುರಕ್ಷತೆಯ ಆತಂಕವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2022ರಿಂದ ಅದನ್ನು ನಿಷೇಧಿತ ಪಟ್ಟಿಯಲ್ಲಿ ಹೆಸರಿಸಿದೆ. ಟಿಬಿ-500 ಕೂಡ ನಿಷೇಧಿತ. ಕಬಡ್ಡಿ, ಕುಸ್ತಿ ಆಡುವ ಹುಡುಗರು ಇದನ್ನು ನೆನಪಿಡಬೇಕು.

ಏನು ಮಾಡಬೇಕು?
ನೋವು ಬಿಡದಿದ್ದರೆ ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ದಾವಣಗೆರೆಯ ಚಿಗಟೇರಿ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ತೋರಿಸಿ. ಈಗಾಗಲೇ ಚುಚ್ಚಿಸಿಕೊಂಡಿದ್ದರೆ ಮುಚ್ಚಿಡಬೇಡಿ, ಬಾಟಲಿಯನ್ನೂ ವೈದ್ಯರಿಗೆ ತೋರಿಸಿ. ಉಸಿರಾಟದ ತೊಂದರೆ, ಮುಖದ ಊತ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಅಡ್ಡಪರಿಣಾಮವಿಲ್ಲ ಎನ್ನುವ ಹೇಳಿಕೆ ದಾರಿ ತಪ್ಪಿಸುವಂಥದ್ದು. ಅಡ್ಡಪರಿಣಾಮ ಕಂಡಿಲ್ಲ ಎನ್ನುವುದೂ, ಸರಿಯಾಗಿ ಹುಡುಕಿಯೇ ಇಲ್ಲ ಎನ್ನುವುದೂ ಬೇರೆ ಬೇರೆ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.