ಓಲ್ಡ್ ಸೇರಂ: ಊರು ಖಾಲಿ, ಸಂಸದರು ಇಬ್ಬರು

ಇಂಗ್ಲೆಂಡಿನ ಸಾಲ್ಸ್‌ಬರಿ ಪಕ್ಕದ ಗುಡ್ಡ ಓಲ್ಡ್ ಸೇರಂ. 1220ರಲ್ಲಿ ಕೆಳಗಿನ ಬಯಲಲ್ಲಿ ಹೊಸ ಕ್ಯಾಥೆಡ್ರಲ್ ಕೆಲಸ ಶುರುವಾಯಿತು. ಜನರೂ ನಿಧಾನಕ್ಕೆ ಗುಡ್ಡ ಇಳಿದರು, ಊರು ಪಾಳುಬಿತ್ತು. ಕ್ಷೇತ್ರ ಮಾತ್ರ ಉಳಿದು, 1832ರವರೆಗೂ ಹೌಸ್ ಆಫ್ ಕಾಮನ್ಸ್‌ಗೆ ಇಬ್ಬರನ್ನು ಕಳಿಸುತ್ತಿತ್ತು. ಇಂಥವನ್ನೇ ‘ರಾಟನ್ ಬರೋ’, ಅಂದರೆ ಕೊಳೆತ ಕ್ಷೇತ್ರ ಅನ್ನುತ್ತಿದ್ದರು.

ಹಾಗಾದರೆ ವೋಟು ಹಾಕುತ್ತಿದ್ದವರು ಯಾರು? ಇಲ್ಲಿ ಮತದ ಹಕ್ಕು ಇದ್ದದ್ದು ಕೆಲವು ನಿವೇಶನಗಳ ಹೆಸರಲ್ಲಿ. ಅವನ್ನು ಕೊಂಡವನಿಗೆ ಸೀಟೂ ಸಿಕ್ಕಂತೆಯೇ. 1691ರಲ್ಲಿ ಕೊಂಡ ಥಾಮಸ್ ಪಿಟ್, ಭಾರತದ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಮುಂದೆ ಮದ್ರಾಸಿನ ಗವರ್ನರ್ ಕೂಡ ಆದ. ಅವನ ಮೊಮ್ಮಗ, ಮುಂದೆ ಪ್ರಧಾನಿಯಾದ ವಿಲಿಯಂ ಪಿಟ್, 1735ರಲ್ಲಿ ಸಂಸತ್ತಿಗೆ ಹೋಗಿದ್ದು ಇಲ್ಲಿಂದಲೇ.

ಅತ್ತ ಗಿರಣಿಗಳ ದೊಡ್ಡ ನಗರ ಮ್ಯಾಂಚೆಸ್ಟರ್‌ಗೆ ತನ್ನದೇ ಸಂಸದ ಇರಲಿಲ್ಲ. 1819ರಲ್ಲಿ ಪ್ರಾತಿನಿಧ್ಯ ಕೇಳಲು ಅಲ್ಲಿ ಸೇರಿದ್ದ ಜನರ ಮೇಲೆ ಕುದುರೆ ಪಡೆ ನುಗ್ಗಿತು, ಹಲವರು ಸತ್ತರು. ಅದೇ ಪೀಟರ್‌ಲೂ ಹತ್ಯಾಕಾಂಡ.

1832ರ ಸುಧಾರಣಾ ಕಾಯ್ದೆ ಓಲ್ಡ್ ಸೇರಂ ಸೇರಿ 56 ಬರೋಗಳನ್ನು ರದ್ದು ಮಾಡಿ, ಮ್ಯಾಂಚೆಸ್ಟರ್‌ಗೆ 2 ಸೀಟು ಕೊಟ್ಟಿತು. ಆದರೆ ಆಸ್ತಿಯ ಷರತ್ತು ಹೋಗಲಿಲ್ಲ. ಪೀಟರ್‌ಲೂ ಮೈದಾನದಲ್ಲಿ ನಿಂತಿದ್ದ ಹೆಂಗಸರಿಗೆ, ಬಹುಪಾಲು ಕಾರ್ಮಿಕರಿಗೆ ಆಗಲೂ ವೋಟು ಸಿಗಲಿಲ್ಲ.