ಐದು ವ್ಯಾಟಿನ ಗಡಿ ದಾಟಿದವರು

ತುಂಬಾ ದಿನಗಳಾದ ಮೇಲೆ ಬ್ಲಾಗಿನ ಕಡೆ ಬಂದಿದ್ದೇನೆ. ಕಾರಣ, ಇಲ್ಲಿ ಅಮೆರಿಕದ ಹಳೇ ಸಾಮಾನಿನ ಸಂತೆಯೊಂದರಲ್ಲಿ ನನಗೆ ಸಿಕ್ಕ 1960ರ ದಶಕದ ಸಿಬಿ ರೇಡಿಯೋ. ಸಿಬಿ ಅಂದರೆ ಸಿಟಿಜನ್ಸ್ ಬ್ಯಾಂಡ್. ಹವ್ಯಾಸಿ ರೇಡಿಯೋದವರ ಹಾಗೆ ಪರೀಕ್ಷೆ ಬರೆಯಬೇಕಿಲ್ಲ, ಅರ್ಜಿ ಹಾಕಿದರೆ ಸಾಕು, ಮಾತಾಡಬಹುದಿತ್ತು. ಒಳಗೆಲ್ಲಾ ವಾಲ್ವ್‌ಗಳು. (ಇವರು ಟ್ಯೂಬ್ ಅನ್ನುತ್ತಾರೆ. ಊರಿನ ಮನೆಯ ರೇಡಿಯೋ ನೋಡಿ ಬೆಳೆದ ನನಗೆ ಅದು ವಾಲ್ವೇ.) ಮಾರಿದ ಅಜ್ಜ ಹೆಮ್ಮೆಯಿಂದ ಹೇಳಿದ: "ಇದರ ಪವರ್ ಜಾಸ್ತಿ ಮಾಡಿದ್ದೀನಿ!"

ಈ ಆಸೆ ಸಿಬಿಯಷ್ಟೇ ಹಳೆಯದು. 1958ರಲ್ಲಿ ಅಮೆರಿಕದ ಎಫ್‌ಸಿಸಿ 27 ಮೆಗಾಹರ್ಟ್ಸ್ ಪಟ್ಟಿಯನ್ನು ಹವ್ಯಾಸಿಗಳಿಂದ ಕಿತ್ತು ಜನಸಾಮಾನ್ಯರಿಗೆ ಕೊಟ್ಟಿತು. ಷರತ್ತು ಒಂದೇ ಮುಖ್ಯ: ಕೊನೆಯ ವಾಲ್ವಿಗೆ ಹೋಗುವ ವಿದ್ಯುತ್ತು 5 ವ್ಯಾಟ್ ಮೀರಬಾರದು. 250 ವೋಲ್ಟು, 20 ಮಿಲಿಆಂಪಿಯರು, ಗುಣಿಸಿದರೆ 5. ಒಂದು ಪಾಲು ಶಾಖವಾಗಿ ಹೋಗಿ ಆಂಟೆನಾಗೆ ಸಿಗುವುದು ಮೂರು, ಮೂರೂವರೆ ವ್ಯಾಟ್. ಅಂಗಡಿಯಿಂದ ಮನೆಗೆ, ಹೊಲದಿಂದ ಮನೆಗೆ ಮಾತಾಡಲು ಅಷ್ಟು ಸಾಕು ಎಂಬ ಲೆಕ್ಕ.

ಆದರೆ ಸೂರ್ಯನ ಲೆಕ್ಕ ಬೇರೆ ಇತ್ತು. 1957-58ರಲ್ಲಿ ಸೌರಕಲೆಗಳು ವಿಪರೀತ. ಅಂಥ ಕಾಲದಲ್ಲಿ 27 ಮೆಗಾಹರ್ಟ್ಸ್ ಅಲೆಗಳು ಅಯಾನುಗೋಳಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಮೂರು ವ್ಯಾಟಿನಲ್ಲಿ ದೇಶದ ಇನ್ನೊಂದು ಕರಾವಳಿ ಕೇಳಿಸಿದವನು ಸುಮ್ಮನಿರುತ್ತಾನೆಯೇ? ದೂರದವರ ಜೊತೆ ಮಾತಾಡಬಾರದು ಎಂಬ ನಿಯಮವೂ ಇತ್ತು, ಎಷ್ಟೋ ಮಂದಿ ಕೇಳಲಿಲ್ಲ. ಆ ನಿಯಮ ಹೋದದ್ದು 2017ರಲ್ಲಿ!

ಇನ್ನು ಪವರ್ ಏರಿಸುವ ಕಥೆ. ವೋಲ್ಟೇಜ್ ಏರಿಸು, ಸ್ಕ್ರೀನ್ ಗ್ರಿಡ್ಡಿನ ರೆಸಿಸ್ಟರ್ ಬದಲಿಸು, ಮೀಟರಿನ ಮುಳ್ಳು ಮೇಲೇರುತ್ತದೆ. ಖುಷಿಯೋ ಖುಷಿ. ಆದರೆ ಎಎಂ ರೇಡಿಯೋದಲ್ಲಿ ಮುಳ್ಳು ತೋರಿಸುವುದು ಬರೀ ವಾಹಕ ಅಲೆಯನ್ನು, ದನಿಯನ್ನಲ್ಲ. ಅಲೆಯ ಮೇಲೆ ದನಿ ಪೂರ್ತಿ ಕೂರಬೇಕಾದರೆ 5 ವ್ಯಾಟಿಗೆ ಎರಡೂವರೆ ವ್ಯಾಟ್ ಆಡಿಯೋ ಬೇಕು, 10ಕ್ಕೆ 5 ಬೇಕು. ಅದನ್ನು ಕೊಡಬೇಕಾದದ್ದು ಎಷ್ಟೋ ಸೆಟ್ಟುಗಳಲ್ಲಿ ಸ್ಪೀಕರ್ ನಡೆಸುವ ಅದೇ ಪುಟ್ಟ ವಾಲ್ವ್. ಅದು ಎಲ್ಲಿಂದ ತರುತ್ತದೆ ಪಾಪ! ಮದುವೆ ಚಪ್ಪರ ದೊಡ್ಡದು, ಊಟದ ಎಲೆ ಅಷ್ಟೇ. ಅಷ್ಟು ಮಾಡಿಯೂ ಪವರ್ ಎರಡು ಪಟ್ಟಾದರೆ ದೂರದ ಕಿವಿಗೆ ಸಿಗುವುದು 3 ಡೆಸಿಬೆಲ್ ಮಾತ್ರ. ಆಂಟೆನಾ ಎತ್ತರಿಸಿದ್ದರೆ ಅದಕ್ಕಿಂತ ಲಾಭವಿತ್ತು.

ಇಷ್ಟಕ್ಕೆ ತೃಪ್ತಿಯಾಗದವರು ಹೊರಗೊಂದು ಲೀನಿಯರ್ ಆಂಪ್ಲಿಫೈಯರ್ ಇಟ್ಟರು. ಟಿವಿಯ ಪರದೆಯಲ್ಲಿ ಗೆರೆ ಎಳೆಸುವ 6ಎಲ್‌ಕ್ಯೂ6ನಂಥ ವಾಲ್ವುಗಳಿಂದ ನೂರಾರು ವ್ಯಾಟ್. ತಮಾಷೆ ನೋಡಿ, 27ರ ಎರಡರಷ್ಟು 54. ಅಮೆರಿಕದ ಟಿವಿ ಚಾನೆಲ್ 2 ಶುರುವಾಗುತ್ತಿದ್ದದ್ದು 54 ಮೆಗಾಹರ್ಟ್ಸಿನಿಂದ! ಟಿವಿಯ ವಾಲ್ವಿನಿಂದಲೇ ಪಕ್ಕದ ಮನೆಯ ಟಿವಿ ಹಾಳು. 1973ರ ತೈಲ ಬಿಕ್ಕಟ್ಟಿನ ನಂತರ ಟ್ರಕ್ ಚಾಲಕರೆಲ್ಲ ಸಿಬಿ ಹಿಡಿದರು, ಗದ್ದಲ ಮಿತಿಮೀರಿತು. 1978ರಲ್ಲಿ ಈ ಪಟ್ಟಿಯ ಆಂಪ್ಲಿಫೈಯರುಗಳ ತಯಾರಿಕೆ, ಮಾರಾಟವನ್ನೇ ನಿಷೇಧಿಸಿದರು. ಅಂದ ಹಾಗೆ, ಭಾರತದಲ್ಲಿ 2005ರಲ್ಲಿ ಈ ಬ್ಯಾಂಡಿಗೆ ಲೈಸೆನ್ಸ್ ಬೇಡವೆಂದಾಗ ಇಟ್ಟ ಮಿತಿಯೂ 5 ವ್ಯಾಟೇ.

ಮತ್ತೆ ನನ್ನ ಡಬ್ಬಿಗೆ. ವಾಹಕ ಅಲೆ ಆರು ವ್ಯಾಟ್, ದನಿ ಮಾತ್ರ ಬಾವಿಯೊಳಗಿಂದ ಬಂದಂತೆ. ಒಳಗೆ ಸುಟ್ಟು ಕಪ್ಪಾದ ರೆಸಿಸ್ಟರ್, ಒಣಗಿದ ಫಿಲ್ಟರ್ ಕೆಪಾಸಿಟರುಗಳು. (ಪ್ಲಗ್ ಕಿತ್ತ ಮೇಲೂ ಇವುಗಳಲ್ಲಿ ಮುನ್ನೂರು ವೋಲ್ಟ್ ಕೂತಿರಬಹುದು, ಮುಟ್ಟೀರಿ ಜೋಕೆ.) ಅಜ್ಜನ ಕೈಚಳಕವನ್ನೆಲ್ಲ ಬಿಚ್ಚಿ, ಹೊಸ ಕೆಪಾಸಿಟರ್ ಹಾಕಿ, ಟ್ಯೂನ್ ಮಾಡಿದೆ. ಈಗ ಮೂರು ಚಿಲ್ಲರೆ ವ್ಯಾಟ್. ಆರು ಕಿಲೋಮೀಟರ್ ದೂರದ ಗೆಳೆಯ ಕೇಳಿದ: "ಏನೋ, ಪವರ್ ಏರಿಸಿದ್ಯಾ?" :)